ಹಾಲುಣಿಸಿದವಳಿಗೆ ಜಾಗವಿಲ್ಲ

ಯಲ್ಲಾಪುರ, ೧೯೩೨

ನನ್ನ ವೀರಪ್ಪಾ,

ಈ ಕಾಗದ ಸಿದ್ದಾಪುರದ ನಿನ್ನ ಸೋದರಮಾವನ ಹೆಸರಿನಲ್ಲಿ ಬರುತ್ತಿದೆ. ಸಿಟ್ಟಾಗಬೇಡ. ಜೈಲಿಗೆ ನೆಂಟರ ಕಾಗದ ಮಾತ್ರ ಸಲ್ಲುತ್ತದಂತೆ. ಜಪ್ತಿಗೆ ಹೆದರಿ ನಿನ್ನನ್ನು ನೋಡಲು ಬಾರದ ಆ ಪುಣ್ಯಾತ್ಮ ಹೆಸರನ್ನಾದರೂ ಕೊಟ್ಟ. ಅಕ್ಷರ ಮಾತ್ರ ನನ್ನದು. ನೀನು ಶಾಲೆಗೆ ಹೋಗುವಾಗ ನಿನ್ನ ಪಾಟಿಯ ಮೇಲೆ ಕಲಿತದ್ದು. ಸೊಟ್ಟಗಿದ್ದರೆ ಕಲಿಸಿದ ನಿನ್ನದೇ ತಪ್ಪು. ತೆರೆದು ಓದುವವರು ಓದಲಿ, ಅವರಿಗೂ ಒಬ್ಬ ತಾಯಿ ಇದ್ದಾಳು.

ಹೋದ ಶುಕ್ರವಾರ ನಾನು ಬಂದಿದ್ದೆ, ಮಗಾ. ನಿನಗೆ ಯಾರೂ ಹೇಳಿರಲಾರರು. ಹುಬ್ಬಳ್ಳಿಯ ತನಕ ಮೋಟಾರು, ಆಮೇಲೆ ರೈಲು, ಮಡಿಲಲ್ಲಿ ಕೊಬ್ಬರಿ ಬೆಲ್ಲದ ಡಬ್ಬಿ. ಜೈಲಿನ ಬಾಗಿಲಲ್ಲಿ ಕೂತ ಕಾರಕೂನ, "ಕೈದಿಗೆ ನೀವೇನಾಗಬೇಕು?" ಎಂದ. "ಹಾಲು ಕುಡಿಸಿದ ತಾಯಿ" ಎಂದೆ. ಅವನು ಒಂದು ಕಾಗದದ ಮೇಲೆ ಬೆರಳಾಡಿಸಿ, "ಇದರಾಗ ಹೆತ್ತವರು, ಹೆಂಡ್ತಿ, ಅಣ್ಣ-ತಮ್ಮ ಅಷ್ಟ ಅದಾರ್ರೀ. ಹಾಲು ಕುಡಿಸಿದವರಿಗೆ ಜಾಗಾ ಇಲ್ಲ" ಎಂದ.

ನಾನು ಬಿಡುತ್ತೇನೆಯೇ! ನಿನ್ನನ್ನು ಹೆತ್ತ ಆರನೇ ದಿನಕ್ಕೆ ಪಕ್ಕದ ಮನೆಯ ಗುರುಶಾಂತವ್ವ ಕಣ್ಣು ಮುಚ್ಚಿದ್ದು, ಅದೇ ವಾರ ನನ್ನ ಕೂಸು ಮಣ್ಣಿಗೆ ಹೋಗಿದ್ದು, ನಿನ್ನಪ್ಪ ನಿನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಹೊಸ್ತಿಲಲ್ಲಿ ನಿಂತದ್ದು, ಎಲ್ಲ ಹೇಳಿದೆ. ನಮ್ಮಲ್ಲಿ ಎದೆಹಾಲು ಕುಡಿದವನು ಮಗನೇ. ಅವನೆದುರು ಮುಸುಕು ಹಾಕಬೇಕಿಲ್ಲ, ನನ್ನ ಮಗಳು ಜೊಹರಾ ಅವನಿಗೆ ತಂಗಿ. ಇದಕ್ಕೆ ಕಾಜಿ ಸಾಹೇಬರೂ ತಕರಾರು ಮಾಡುವುದಿಲ್ಲ. ಕಾರಕೂನ ಕೆಟ್ಟವನಲ್ಲ, ಪೂರ್ತಿ ಕೇಳಿದ. ಆಮೇಲೆ ದನಿ ತಗ್ಗಿಸಿ, "ಮನಿ ಆಳು ಅಂತ ಬರಸ್ರಿ, ಅಮ್ಮಾ. ಅರಿವೆ ತಂದೇನಿ ಅನ್ರಿ. ಕಾಲು ತಾಸು ಬಿಡಸ್ತೀನಿ" ಎಂದ.

ಆಳಂತೆ! ನನಗೆ ಮೈಯೆಲ್ಲ ಉರಿಯಿತು. "ನನ್ನ ಮಗನಿಗೆ ನಾನು ಆಳಲ್ಲ" ಎಂದು ಡಬ್ಬಿ ಎತ್ತಿಕೊಂಡು ಹೊರಟುಬಿಟ್ಟೆ. ಮೆಟ್ಟಿಲಿಳಿಯುವಾಗ ನನ್ನಂಥ ಗಟ್ಟಿಗಿತ್ತಿ ಮತ್ತೊಬ್ಬಳಿಲ್ಲ ಎನಿಸಿತ್ತು. ರೈಲು ಹೊರಟ ಮೇಲೆ ಅಳು ತಡೆಯಲಾಗಲಿಲ್ಲ.

ನಿನ್ನಪ್ಪ ಮೊದಲೇ ತೀರಿಕೊಂಡ; ನನ್ನ ಯಜಮಾನರು, ನಿಮ್ಮ ಅಬ್ಬಾ, ಹೋಗಿ ಎರಡು ವರ್ಷವಾಯಿತು. ಜೊಹರಾ ಶಿರಸಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ನೀನು ಮಾವನ ಊರಿಗೆ ಹೋಗಿ, ಸರಕಾರಕ್ಕೆ ಕರ ಕೊಡಬೇಡಿರೆಂದು ಮನೆಮನೆಗೆ ಹೇಳಿ ಸೆರೆಯಾದೆ. ಒಬ್ಬಳಿಗಾಗುವಷ್ಟೇ ಅನ್ನ ಮಾಡಲು ನನ್ನ ಕೈ ಇನ್ನೂ ಕಲಿತಿಲ್ಲ, ಮಿಕ್ಕಿದ್ದನ್ನು ಮರುದಿನ ತಿನ್ನುತ್ತೇನೆ. ಮಾತಾಡಲು ಗೋಡೆಯಿದೆ. ನಿನ್ನನ್ನು ಮಗನೆನ್ನಲು ಸರಕಾರವನ್ನು ಕೇಳಬೇಕಿತ್ತೆಂದು ಇಪ್ಪತ್ತೆರಡು ವರ್ಷ ನನಗೆ ತೋಚಲೇ ಇಲ್ಲ, ನೋಡು.

ಬರುವ ತಿಂಗಳು ನಿನ್ನನ್ನು ದೂರದ ಜೈಲಿಗೆ ಒಯ್ಯುತ್ತಾರೆಂದು ಸುದ್ದಿ. ಅಷ್ಟು ದೂರ ನನ್ನಿಂದಾಗದು. ಅದಕ್ಕೇ ಈ ಶುಕ್ರವಾರ ಮತ್ತೆ ಬರುತ್ತೇನೆ, ಆ ಕಾರಕೂನ ಹೇಳಿದಂತೆಯೇ ಬರೆಸುತ್ತೇನೆ. ನಿನ್ನ ಸಿಟ್ಟು ನಾನು ಕಾಣದ್ದೇ? ಅದೂ ನನ್ನ ಹಾಲಿನದೇ. ಸಿಪಾಯಿ ಬಂದು "ನಿಮ್ಮನಿ ಆಳು ಬಂದಾಳ" ಎಂದು ಕೂಗಿದರೆ, "ನಮ್ಮ ಮನೆಯಲ್ಲಿ ಆಳಿಲ್ಲ" ಎಂದು ನನ್ನನ್ನು ಹಿಂದಕ್ಕೆ ಕಳಿಸಬೇಡ. ಎದ್ದು ಬಾ, ಮಗಾ.

ನನ್ನ ಅಲ್ಲಾಹನೂ ನಿನ್ನ ಶಿವನೂ ನಿನ್ನನ್ನು ಕಾಯಲಿ.

ನಿನ್ನ ತಾಯಿ,
ಸುಗ್ರಾ