ಕಾಲಡಿಯ ಹೆಸರು

೨೨ ಅಕ್ಟೋಬರ್ ೧೯೨೭, ಶನಿವಾರ. ಬೋಳೂರು.

ಹಡಗಿನ ಕೆಲಸ ಮುಗಿಸಿ ಮನೆಗೆ ಬಂದು ಮೂರು ದಿನವಾಯಿತು. ವಿಲಾಯತಿಯಲ್ಲಿ ನೋಡಿದ ಆ ಇಗರ್ಜಿ ಇನ್ನೂ ನನ್ನನ್ನು ಬಿಟ್ಟಿಲ್ಲ. ಕಟ್ಟಿ ಐನೂರು ವರ್ಷವಾಯಿತಂತೆ.

ದೇವರ ಮನೆಯೆಂದು ಬೂಟು ಬಾಗಿಲಲ್ಲೇ ಬಿಚ್ಚಿ ಒಳಗೆ ಹೋಗಿದ್ದೆ. ನಾಲ್ಕು ಹೆಜ್ಜೆ ಇಟ್ಟೆನೋ ಇಲ್ಲವೋ, ಅಂಗಾಲಿಗೆ ಏನೋ ಒತ್ತಿತು. ಬಗ್ಗಿ ನೋಡಿದರೆ ಅಕ್ಷರ! ನೆಲದ ಕಲ್ಲುಗಳೆಲ್ಲ ಗೋರಿ. ನಾನು ನಿಂತದ್ದು ನಾಲ್ಕು ವರ್ಷದ ಹೆಣ್ಣುಮಗುವಿನ ಹೆಸರಿನ ಮೇಲೆ. ಪಕ್ಕಕ್ಕೆ ಹಾರಿದರೆ ಅಲ್ಲಿ ಇನ್ನೊಬ್ಬರು! ಬಿಳಿಯರು ಬೂಟುಗಾಲಲ್ಲೇ ಟಕಟಕ ನಡೆದು ಹೋಗುತ್ತಿದ್ದರು. ನಾನು ಮಗುವಿನ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಇಂದು ಅಮ್ಮನಿಗೆ ಹೇಳಿದೆ. ಮೀನು ಕೊಯ್ಯುತ್ತಿದ್ದ ಅವಳ ಕೈ ನಿಂತಿತು.

“ಸತ್ತ ಮಗುವನ್ನು ಮೆಟ್ಟಿದೆಯಾ ಮಾರಾಯಾ!”

“ಗೊತ್ತಾಗಲಿಲ್ಲ ಅಮ್ಮ. ತಪ್ಪಾಯ್ತು ಅಂತ ಹೇಳಿದ್ದೇನೆ.”

ಅವಳು ಕತ್ತಿ ಕೆಳಗಿಟ್ಟಳು. “ದೀಪಾವಳಿಗೆ ನಮ್ಮ ಸತ್ತವರಿಗೆ ಬಡಿಸುವಾಗ ಅದಕ್ಕೂ ಒಂದು ಎಲೆ ಹಾಕುವ. ಹೆಸರು ಹಿಡಿದು ಕರೆಯಬೇಕಲ್ಲ, ಎಂತ ಅದರ ಹೆಸರು?”

ಬಾಯಿ ತೆರೆದೆ. ಹೆಸರು ನೆನಪಿಗೆ ಬರಲಿಲ್ಲ. ಅಕ್ಷರ ಅಕ್ಷರ ಕೂಡಿಸಿ ಓದಿದವನು ನಾನೇ. ಅಷ್ಟು ಬೂಟುಗಳು ತುಳಿದೂ ಅಳಿಸಲಾರದ ಹೆಸರನ್ನು ನಾನು, ಎರಡೇ ತಿಂಗಳಲ್ಲಿ ಮರೆತುಬಿಟ್ಟೆ.