ಹಕ್ಕಿಯ ಕಾಲಿನ ಕಂಕಣ

ಕಾಗದನಗರ, ಭದ್ರಾವತಿ
೧೭ ಮಾರ್ಚ್ ೨೦೦೨

ಚಿ. ಸೌ. ಶೀಲಾಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಕ್ವಾರ್ಟರ್ಸಿನ ಸಾಮಾನು ಕಟ್ಟುವುದರಲ್ಲೇ ದಿನ ಕಳೆಯಿತು. ಯುಗಾದಿಗೆ ಮೊದಲೇ ಮನೆ ಖಾಲಿ ಮಾಡಿ, ಶಿವಮೊಗ್ಗಕ್ಕೆ, ನಿಮ್ಮಲ್ಲಿಗೇ ಬಂದುಬಿಡುತ್ತೇನೆ ಎಂದಿದ್ದೆನಲ್ಲ, ಆ ವಿಷಯಕ್ಕೇ ಬರುತ್ತೇನೆ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಓಂಕಾರಪ್ಪ ಬಾಗಿಲು ಬಡಿದರು. “ಹೊಳೆ ಹತ್ರ ಹಕ್ಕಿಗೆ ಬಳೆ ತೊಡಿಸ್ತಾರಂತೆ, ಬನ್ನಿ ಮಾರಾಯ್ರೇ. ಡಬ್ಬಿ ಮಧ್ಯ ಕೂತು ಕೂತು ನೀವೂ ಡಬ್ಬಿ ಆಗ್ತೀರಿ!”

ಹೋದೆ. ಶಂಕರಘಟ್ಟದಲ್ಲಿ ಓದುವ ಸ್ಪಂದನಾ ಎಂಬ ಹುಡುಗಿ ದಡದಲ್ಲಿ ಬಲೆ ಕಟ್ಟಿದ್ದಳು. ಚಳಿಗಾಲ ಕಳೆಯಲು ಬಂದ ಹಕ್ಕಿಗಳು ಉತ್ತರಕ್ಕೆ ಹೊರಡುವ ಕಾಲವಂತೆ. ಹಿಡಿದು, ತೂಗಿ, ಕಾಲಿಗೆ ನಂಬರಿನ ಉಂಗುರ ಹಾಕಿ ಬಿಡುತ್ತಾರೆ. ಕೆಲವು ವರ್ಷವರ್ಷವೂ ಅದೇ ಅಂಗಳಕ್ಕೆ ಬರುತ್ತವೆ, ಅದು ‘ಸೈಟ್ ಫಿಡೆಲಿಟಿ’ ಎಂದಳು. ಫಿಡೆಲಿಟಿಗೆ ಕಾಲೇಜಿನಲ್ಲಿ ಮೇಷ್ಟ್ರು ಅರ್ಥ ಹೇಳಿದ್ದರು. ನಿಷ್ಠೆಯೋ ಹಟವೋ, ಈಗ ನೆನಪಿಲ್ಲ.

ಅಷ್ಟರಲ್ಲಿ ಬಲೆಗೆ ಬಾಲ ಕುಣಿಸುವ ಬೂದು ಹಕ್ಕಿಯೊಂದು ಬಿತ್ತು. ಅಮ್ಮನ ಹಕ್ಕಿ ನೆನಪಿದೆಯಲ್ಲ? ಹಿತ್ತಲ ಒಗೆಯುವ ಕಲ್ಲಿನಿಂದ ನೇರ ಅವಳ ಅಂಗೈಗೇ ಬರುತ್ತಿತ್ತು. ಯುಗಾದಿ ಹತ್ತಿರವಾದಾಗ ಅದರ ಕಾಲಿಗೆ ಅರಿಶಿನದ ದಾರ ಕಟ್ಟುತ್ತಿದ್ದಳು. “ಕಂಕಣ ಕಟ್ಟಿದೀನಿ, ಬಿಚ್ಚೋತನಕ ಊರು ದಾಟೋ ಹಾಗಿಲ್ಲ. ಹೋಳಿಗೆ ತಿಂದ್ಕೊಂಡು ಹೋಗು ಮಾರಾಯ್ತಿ.” ಹಬ್ಬದ ಮರುದಿನ ಬಿಚ್ಚಿದರೆ ಅಂದೇ ಅದು ಹೊರಟುಹೋಗುತ್ತಿತ್ತು. ಅವಳು ತೀರಿಕೊಂಡ ಈ ಮೂರು ವರ್ಷದಲ್ಲಿ ಅದು ಯಾರ ಕೈಗೂ ಬಂದಿಲ್ಲ.

ಸ್ಪಂದನಾ ಹಕ್ಕಿಯನ್ನು ಮಗುಚಿ ಹಿಡಿದಳು. “ಅಯ್ಯೋ, ಯಾರೋ ದಾರ ಕಟ್ಟಿದಾರಲ್ಲ!”

“ವಾಟ್ ಈಸ್ ದಿಸ್” ಎಂದು ನನ್ನ ಬಾಯಿಗೆ ಇಂಗ್ಲಿಷೇ ಬಂತು. “ಹಳೇದಿರ್ಬೇಕಮ್ಮ.”

“ಇಲ್ಲ ಸಾರ್, ಅರಿಶಿನ ಇನ್ನೂ ಹಸಿ ಇದೆ.” ಅವಳ ಬೆರಳು ಹಳದಿಯಾಗಿತ್ತು.

ದಾರ ಕತ್ತರಿಸಿ ನನ್ನ ಕೈಗಿಟ್ಟು, ಉಂಗುರ ಹಾಕಿ ಬಿಟ್ಟಳು. ಮಿಕ್ಕವೆಲ್ಲ ಹೊಳೆಯತ್ತ ಹಾರಿದ್ದವು. ಇದು ಕ್ವಾರ್ಟರ್ಸಿನತ್ತ ಹಾರಿತು. ಜೊತೆಗೇ ವಾಪಸು ಬಂದ ಓಂಕಾರಪ್ಪ ನಮ್ಮ ಗೇಟಿನೊಳಗೆ ಬರಲಿಲ್ಲ.

ನಾನು ಹಿತ್ತಲಿಗೆ ಹೋದಾಗ ಅದು ಕಲ್ಲಿನ ಮೇಲಿತ್ತು. ಕಾಲಲ್ಲಿ ಹೊಸ ಉಂಗುರ. ನೋಡುತ್ತಿದ್ದುದು ನನ್ನನ್ನಲ್ಲ, ನನ್ನ ಬೆನ್ನ ಹಿಂದಿನ ಅಡುಗೆಮನೆ ಬಾಗಿಲನ್ನು. ತಿರುಗಿ ನೋಡಲು ಧೈರ್ಯವಾಗಲಿಲ್ಲ, ಶೀಲಾ. ಮನೆ ಸುತ್ತಿಕೊಂಡು ಬಂದು ಈಗ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ನೀನೂ ಅಳಿಯಂದಿರೂ ತಂಪಾಗಿರಿ. ಮಗುವಿಗೆ ಹಲ್ಲು ಸರಾಗವಾಗಿ ಬರಲಿ.

ನಿನ್ನ ಅಪ್ಪ,
ಚಂದ್ರಹಾಸ

ತಾ.ಕ.: ಆ ದಾರದ ಗಂಟು ಎಡಗೈಯವರು ಹಾಕಿದ್ದು. ಅಮ್ಮ ಎಡಚಿ, ಅವಳಿಂದ ಹೂ ಕಟ್ಟಲು ಕಲಿತ ನೀನೂ ಹಾಗೇ ಹಾಕುತ್ತೀಯ. ನೀನು ದೀಪಾವಳಿಯಿಂದ ಇತ್ತ ಬಂದಿಲ್ಲ, ಗೊತ್ತು. ಆದರೂ ನಾನಿಲ್ಲದಾಗ ಬಂದು ಕಟ್ಟಿಹೋದವಳು ನೀನೇ ಎಂದು ಒಂದು ಕಾರ್ಡು ಹಾಕು. ನೀನಲ್ಲದಿದ್ದರೂ ಹಾಕು. ಹೋಗಬೇಡ ಎಂದು ಅವಳೇ ಕಟ್ಟಿದ್ದಾದರೆ, ಅವಳನ್ನು ಒಳಗೆ ಬಿಟ್ಟು ಈ ಮನೆಗೆ ನಾನು ಹೇಗೆ ಬೀಗ ಹಾಕಲಿ?