ಇಸ್ತ್ರಿಯ ಕಾವು ನೋಡುವ ಪೇಪರು

ಇಸ್ತ್ರಿ ಅಂಗಡಿಯ ಹಿಂದಿನ ಕೋಣೆ
ಜೂನ್ ೧೬, ಸೋಮವಾರ ಮಧ್ಯಾಹ್ನ

ಮುದ್ದು ಮಗಳೇ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲಾ ಪತ್ರಿಕಾ ಕಚೇರಿಯಲ್ಲಿ ಬರೀ ಚಹಾ ಕುಡಿದುಕೊಂಡೇ ದಿನ ದೂಡುತ್ತೀಯೋ? ಕೆಮ್ಮು ಬಿಟ್ಟಿತೇ? ಇಲ್ಲಿ ನನ್ನ ಮಂಡಿನೋವು ಇದ್ದ ಹಾಗೇ ಇದೆ, ನಿನ್ನಪ್ಪನ ಹಟವೂ ಇದ್ದ ಹಾಗೇ ಇದೆ. ಎರಡಕ್ಕೂ ಮದ್ದು ಸಿಕ್ಕಿಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ಅದು ಇರುವುದೇ ಅವರ ಇಸ್ತ್ರಿ ಮೇಜಿನ ಮೇಲೆ. ನಿನ್ನ ದನಿ ಕೇಳಿದ ಕೂಡಲೇ ಕೆಂಡ ಮುಟ್ಟಿದವರಂತೆ ನನ್ನ ಕೈಗೆ ದಾಟಿಸುತ್ತಾರೆ.

ನೀನು "ಅವರ" ಪೇಪರಿಗೆ, ಅಂದರೆ ಎದುರು ಪಕ್ಷದವರ ಪೇಪರಿಗೆ, ಕೆಲಸಕ್ಕೆ ಸೇರಿದಾಗಿನಿಂದ ನಿನ್ನ ಹೆಸರೆತ್ತಿದರೆ ಸಾಕು, ಕೈಯಲ್ಲಿರುವ ಶರ್ಟಿನ ಕಾಲರಿಗೆ ಗ್ರಹಚಾರ ಕಾದಿರುತ್ತದೆ. ತಮ್ಮ ಪಕ್ಷ, ತಮ್ಮ ಪಕ್ಷದ ಪೇಪರು, ಅಷ್ಟೇ ಲೋಕ. ಇಸ್ತ್ರಿಯಾದ ಬಟ್ಟೆಯನ್ನೂ ಅದರಲ್ಲೇ ಸುತ್ತಿ ಕೊಡಬೇಕು. ಮೊನ್ನೆ ನಿಮ್ಮ ಪೇಪರು ಮಳೆ ಎಂದು ಬರೆದಿತ್ತು. "ನಮ್ಮದ್ರಲ್ಲಿ ಬಿಸಿಲು ಅಂತಿದೆ" ಎಂದು ಹೋಟೆಲಿನವರ ಹಾಸುಬಟ್ಟೆಗಳನ್ನೆಲ್ಲ ತಾರಸಿಯ ಮೇಲೆ ಹರವಿದರು. ಮಳೆ ಚಚ್ಚಿತು. ಒದ್ದೆ ಮುದ್ದೆಯಾಗಿ ಕೆಳಗಿಳಿದು ಬಂದವರು, "ಮೋಡಾನೂ ಅವರ ಕಡೆಗೇ ಸೇರ್ಕೊಂಡಿದೆ" ಎಂದರು.

ಅಂಥ ಮಹಾನುಭಾವರ ಅಂಗಡಿಯೊಳಗೆ ನಿಮ್ಮ ಪೇಪರು ಕಾಲಿಟ್ಟದ್ದು ನನ್ನ ಉಪಾಯದಿಂದ. ಇಸ್ತ್ರಿ ಎಷ್ಟು ಕಾದಿದೆ ಎಂದು ನೋಡಲು ಮೊದಲು ಹಳೇ ಪೇಪರಿನ ಮೇಲೆ ಎಳೆಯುತ್ತಾರಲ್ಲ, ಅದಕ್ಕೆ ನಮ್ಮದನ್ನೇಕೆ ಸುಡಬೇಕು, ಅವರದನ್ನು ತರಿಸೋಣ ಎಂದೆ. ಹಿಗ್ಗಿ ಹೀರೇಕಾಯಿಯಾದರು. "ಅದು ಸುಡೋಕೇ ಲಾಯಕ್ಕು" ಎಂದು ತಾವೇ ಹೋಗಿ ಚಂದಾ ಕಟ್ಟಿ ಬಂದರು. ಸುಡುವ ಮೊದಲು ನಾನು ಕದ್ದು ಓದಿಕೊಳ್ಳುತ್ತಿದ್ದೆ. ಆದರೆ ನೀನು ಬರೆದದ್ದು ಕಂದುಗಟ್ಟುವುದನ್ನು ನೋಡಿದಾಗಲೆಲ್ಲ ಕರುಳು ಚುರುಕ್ ಎನ್ನುತ್ತಿತ್ತು. ಒಂದು ದಿನ ತಡೆಯಲಾಗಲಿಲ್ಲ. ನಿನ್ನಪ್ಪನ ಪೇಪರಿನ ಹೊರಹಾಳೆ ಬಿಚ್ಚಿ, ನಿಮ್ಮ ಪೇಪರಿನ ಒಳಹಾಳೆಗಳಿಗೆ ಅಂಗಿಯಂತೆ ತೊಡಿಸಿ ಮೇಜಿನ ಮೇಲಿಟ್ಟೆ.

ಅವತ್ತು ಬಂದಿದ್ದದ್ದು ನಗರಸಭೆಯ ನೀರಿನ ಟ್ಯಾಂಕಿನಲ್ಲಿ ಪಾಚಿ ಕಟ್ಟಿದ ಬಗ್ಗೆ ನೀನು ಬರೆದ ವರದಿ. ನಗರಸಭೆಯೋ, ಇವರದೇ ಪಕ್ಷದ್ದು! ನಿನ್ನ ಹೆಸರಿಲ್ಲದೆ ಬರೀ "ನಮ್ಮ ವರದಿಗಾರ್ತಿ" ಎಂದಿದ್ದು ಪುಣ್ಯ. ಇವರು ಎದೆಯುಬ್ಬಿಸಿ, "ನೋಡಿ, ತಮ್ಮವರನ್ನೇ ತರಾಟೆಗೆ ತಗೊಳ್ಳೋ ಧೈರ್ಯ ನಮ್ಮ ಪೇಪರಿಗಲ್ದೆ ಯಾರಿಗಿದೆ?" ಎಂದು ಗಿರಾಕಿಗಳಿಗೆಲ್ಲ ಓದಿ ಹೇಳಿದರು. ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರರೂ ಅದೇ ಪಕ್ಷ, ಅದೇ ಪೇಪರು. "ನನ್ನ ಪೇಪರಲ್ಲಿ ಇದು ಬಂದೇ ಇಲ್ವಲ್ಲ" ಎಂದುಬಿಟ್ಟರು. ನನ್ನ ಜೀವ ಬಾಯಿಗೆ ಬಂತು. "ಪೂರ್ತಿ ಓದ್ಬೇಕು ಸ್ವಾಮಿ" ಎಂದು ಇವರೇ ಅವರ ಬಾಯಿ ಮುಚ್ಚಿಸಿದರು. ಅಂದಿನಿಂದ ದಿನಾ ಬೆಳಿಗ್ಗೆ ನನಗೆ ಇದೇ ಕೆಲಸ.

ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಬೀದಿಗೆಲ್ಲ ನಿನ್ನ ಬರಹವನ್ನು ಹೊಗಳುವ ಬಾಯಿ ನಿನ್ನ ಜೊತೆ ಒಂದು ಮಾತಾಡುವುದಿಲ್ಲ. ನಿಜ ಗೊತ್ತಾದರೆ ಆ ಓದೂ ನಿಂತುಹೋದೀತೆಂದು ನನ್ನ ಹೆದರಿಕೆ. ನೀನು ಮಾತ್ರ ಬಾಯಿಬಿಡಬೇಡ.

ನಿನ್ನ ಪೆನ್ನಿನಲ್ಲಿ ಶಾಯಿ, ನಿನ್ನ ತಟ್ಟೆಯಲ್ಲಿ ಊಟ ಎಂದೂ ಬತ್ತದಿರಲಿ. ಬೆಚ್ಚಗಿರು.

ನಿನ್ನ
ಅಮ್ಮ

ತಾ.ಕ.: ಮಂಗಳವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮೊದಲು ಆತುರಾತುರವಾಗಿ ಗೀಚುತ್ತಿದ್ದೇನೆ. ಮಂಡಿನೋವಿನಿಂದ ಇವತ್ತು ಏಳುವುದು ತಡವಾಯಿತು. ಗುಟ್ಟು ರಟ್ಟಾಯಿತೆಂದು ಕುಂಟುತ್ತ ಓಡಿ ಬಂದರೆ, ನಿನ್ನಪ್ಪ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು, ತಾವೇ ಹೊರಹಾಳೆ ಬಿಚ್ಚಿ ನಿಮ್ಮ ಪೇಪರಿಗೆ ತೊಡಿಸುತ್ತಿದ್ದಾರೆ! ಮಡಿಕೆ ನನ್ನದಕ್ಕಿಂತ ನೀಟು, ಮೇಲೆ ಇಸ್ತ್ರಿ ಬೇರೆ. ನನ್ನನ್ನು ಕಂಡೂ ತಲೆ ಎತ್ತಲಿಲ್ಲ. "ಎರಡು ದಿನದಿಂದ ಅವಳದು ಬಂದಿಲ್ಲ. ಹುಷಾರಾಗಿದ್ದಾಳಾ ಕೇಳು" ಎಂದರು. ಕೇಳುತ್ತಿದ್ದೇನೆ. ಉತ್ತರವನ್ನು ನನಗೆ ಬರೆಯಬೇಡ, ಅಂಗಡಿಗೆ ಫೋನ್ ಮಾಡು. ಈ ಸಲ ನಾನು ಹಿಂದಿನ ಕೋಣೆಯಲ್ಲೇ ಇರುತ್ತೇನೆ.